ಲಿನ್ನೇಯಸ್ ಮತ್ತು ಮೀನಿನ ಮೈಮೇಲಿನ ಎರಡು ಜೀವಿಗಳು

ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ಕರೋಲಸ್ ಲಿನ್ನೇಯಸ್ ಅವರಿಗೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಸಾಲು. ವರ್ಗೀಕರಣ ಶಾಸ್ತ್ರದ ಪಿತಾಮಹ, ಸ್ವೀಡನ್ ದೇಶದವರು, ದ್ವಿನಾಮ ಪದ್ಧತಿಯನ್ನು ತಂದವರು. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಚನ್ನಪಟ್ಟಣ ತಾಲ್ಲೂಕಿನ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ವರ್ಗೀಕರಣದ ಘಟಕ ನನ್ನ ಪಾಲಿಗೆ ಬಂದಾಗ ಅವರ ಜೀವನವನ್ನು ಸ್ವಲ್ಪ ವಿಸ್ತಾರವಾಗಿ ಓದಿಕೊಂಡೆ. ಓದುತ್ತಾ ಹೋದಂತೆ ಪಿತಾಮಹ ಎಂಬ ಆ ಪದವೇ ಮಕ್ಕಳಿಗೂ ಅವರಿಗೂ ನಡುವೆ ಅಡ್ಡ ನಿಂತಿದೆ ಅನ್ನಿಸಿತು. ಅವರು ಏನು ನೋಡಿದರು, ಏನನ್ನು ನೋಡಲಿಲ್ಲ ಎಂಬುದನ್ನು ಹೇಳದೆ ವರ್ಗೀಕರಣವನ್ನು ಕಲಿಸಿದರೆ ಅದು ಬರಿ ಕೋಷ್ಟಕವಾಗುತ್ತದೆ. ಹಾಗಾಗಿ ಇಲ್ಲಿ ಅವರ ಜೀವನವನ್ನು ಹೇಳುವಾಗ ಅವರ ಪುಸ್ತಕದ ಒಂದು ಚಿಕ್ಕ ವಿಷಯದ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅದು ಮೀನಿನ ಮೈಗೆ ಅಂಟಿ ಬದುಕುವ ಎರಡು ಪರಾವಲಂಬಿಗಳ ವಿಷಯ. ಅವುಗಳಲ್ಲಿ ಒಂದು ನಮ್ಮ ಕಡೆಯ ಕೆರೆ ಮೀನಿನಲ್ಲೂ ಸಿಗುತ್ತದೆ, ಇನ್ನೊಂದರ ಹತ್ತಿರದ ಸಂಬಂಧಿಯೂ ಸಿಗುತ್ತದೆ.

ಲಿನ್ನೇಯಸ್ ಹುಟ್ಟಿದ್ದು 1707ರ ಮೇ 23ರಂದು, ದಕ್ಷಿಣ ಸ್ವೀಡನ್ನಿನ ರೋಶುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ನಿಲ್ಸ್ ಚರ್ಚಿನ ಪಾದ್ರಿ, ಜೊತೆಗೆ ಗಿಡಗಳ ಹುಚ್ಚಿದ್ದ ಮನುಷ್ಯ. ಆ ಕಾಲದಲ್ಲಿ ಅಲ್ಲಿನ ಹಳ್ಳಿಗರಿಗೆ ಮನೆತನದ ಹೆಸರೇ ಇರುತ್ತಿರಲಿಲ್ಲ. ತಂದೆಯ ಹೆಸರಿಗೆ ಮಗ ಎಂದು ಸೇರಿಸಿ ಕರೆಯುತ್ತಿದ್ದರು. ನಿಲ್ಸ್ ವಿಶ್ವವಿದ್ಯಾಲಯಕ್ಕೆ ಸೇರುವಾಗ ಒಂದು ಹೆಸರು ಬೇಕಾಯಿತು. ತಮ್ಮ ಮನೆತನದ ಜಮೀನಿನಲ್ಲಿದ್ದ ದೊಡ್ಡ ಲಿಂಡನ್ ಮರವನ್ನು ನೆನೆದು ಲಿನ್ನೇಯಸ್ ಎಂದು ಬರೆಸಿದರು. ಮುಂದೆ ಸಾವಿರಾರು ಜೀವಿಗಳಿಗೆ ಹೆಸರಿಟ್ಟವರಿಗೆ ತಮ್ಮ ಹೆಸರು ಒಂದು ಮರದಿಂದಲೇ ಬಂದಿತ್ತು. ಊರ ಹೆಸರನ್ನೋ ಹೊಲದ ಹೆಸರನ್ನೋ ಹೊತ್ತು ತಿರುಗುವ ನಮಗೆ ಇದು ವಿಚಿತ್ರವೇನಲ್ಲ.

ಮಗನೂ ಪಾದ್ರಿಯಾಗಲಿ ಎಂಬುದು ಮನೆಯ ಆಸೆ. ವೆಕ್ಷೋ ಎಂಬ ಪಟ್ಟಣದ ಶಾಲೆಗೆ ಹಾಕಿದರು. ಅಲ್ಲಿ ಧರ್ಮಶಾಸ್ತ್ರ, ಗ್ರೀಕ್, ಹೀಬ್ರೂ ಮುಖ್ಯ. ಹುಡುಗನಿಗೆ ಗಿಡಗಳ ಮೇಲೆ ಮಾತ್ರ ಮನಸ್ಸು. ಹುಡುಗನ ಓದು ಹೇಗಿದೆ ಎಂದು ಕೇಳಲು ತಂದೆ ಬಂದಾಗ ಶಿಕ್ಷಕರು ಇವನಿಗೆ ಪಾದ್ರಿಯ ವಿದ್ಯೆ ಹತ್ತುವುದಿಲ್ಲ, ಕೈಕಸುಬಿಗೆ ಹಾಕುವುದು ಒಳ್ಳೆಯದು ಎಂದರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಅದೇ ಶಾಲೆಯಲ್ಲಿ ಯೋಹಾನ್ ರೋಥ್‌ಮನ್ ಎಂಬ ವೈದ್ಯರೂ ಪಾಠ ಹೇಳುತ್ತಿದ್ದರು. ಅವರು ತಂದೆಯನ್ನು ಒಪ್ಪಿಸಿ, ಹುಡುಗ ವೈದ್ಯ ಓದಲಿ ಎಂದು ಹೇಳಿ, ತಾವೇ ಬೇರೆಯಾಗಿ ಕೂರಿಸಿಕೊಂಡು ಶರೀರಶಾಸ್ತ್ರ, ಸಸ್ಯಶಾಸ್ತ್ರ ಕಲಿಸಿದರು. ಅಂದಿನ ವೈದ್ಯಕ್ಕೆ ಸಸ್ಯಶಾಸ್ತ್ರವೇ ಅರ್ಧ. ರೋಥ್‌ಮನ್ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಎಲ್ಲೂ ಬರುವುದಿಲ್ಲ. ಶಿಕ್ಷಕರಾಗಲು ಹೊರಟವರ ಪತ್ರಿಕೆಯಲ್ಲಾದರೂ ಅದು ಇರಲಿ ಎಂದು ಬರೆದಿದ್ದೇನೆ.

1727ರಲ್ಲಿ ಲುಂಡ್, ಮರುವರ್ಷ ಉಪ್ಸಲಾ. ಉಪ್ಸಲಾದ ಮೊದಲ ದಿನಗಳು ಬಡತನದವು. ಅಲ್ಲಿಯೇ ಅವರಿಗೆ ಪೀಟರ್ ಆರ್ಟೆಡಿ ಎಂಬ ಗೆಳೆಯ ಸಿಕ್ಕಿದರು, ಎರಡು ವರ್ಷಕ್ಕೆ ಹಿರಿಯರು. ಇಬ್ಬರೂ ಸೇರಿ ಜೀವಜಗತ್ತನ್ನೇ ಪಾಲು ಮಾಡಿಕೊಂಡರು. ಮೀನು ಆರ್ಟೆಡಿಯವರ ಪಾಲು. ಹಕ್ಕಿ, ಕೀಟ ಮತ್ತು ಹೆಚ್ಚಿನ ಸಸ್ಯಗಳು ಲಿನ್ನೇಯಸ್ ಪಾಲು. ಒಬ್ಬರು ಮೊದಲು ತೀರಿಕೊಂಡರೆ ಅವರ ಬರಹವನ್ನು ಇನ್ನೊಬ್ಬರು ಮುಗಿಸಿ ಪ್ರಕಟಿಸಬೇಕು ಎಂಬ ಒಪ್ಪಂದವೂ ಆಯಿತು. ಇಪ್ಪತ್ತೆರಡು, ಇಪ್ಪತ್ನಾಲ್ಕು ವರ್ಷದವರು ಇಂಥ ಒಪ್ಪಂದವನ್ನು ಎಷ್ಟು ಹಗುರವಾಗಿ ಮಾಡಿಕೊಂಡಿರಬಹುದು ಎಂದು ನಾನು ಊಹಿಸಬಲ್ಲೆ. 1732ರಲ್ಲಿ ಲಿನ್ನೇಯಸ್ ಒಬ್ಬರೇ ಲ್ಯಾಪ್‌ಲ್ಯಾಂಡಿನ ಚಳಿ ನಾಡನ್ನು ತಿಂಗಳುಗಟ್ಟಲೆ ಸುತ್ತಿ ಬಂದರು. 1735ರಲ್ಲಿ ವೈದ್ಯ ಪದವಿಗಾಗಿ ಹಾಲೆಂಡಿಗೆ ಹೊರಟರು.

ದಾರಿಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ನಡೆದದ್ದನ್ನು ಮಕ್ಕಳಿಗೆ ಹೇಳಲೇಬೇಕು. ಅಲ್ಲಿ ಏಳು ತಲೆಯ ಹೈಡ್ರಾ ಸರ್ಪದ ಒಣಗಿಸಿದ ದೇಹವೊಂದಿತ್ತು. ದೊಡ್ಡ ಬೆಲೆಗೆ ಮಾರಾಟಕ್ಕಿಟ್ಟಿದ್ದ ಅದರ ಖ್ಯಾತಿ ದೂರದೂರಕ್ಕೆ ಹಬ್ಬಿತ್ತು. ಲಿನ್ನೇಯಸ್ ಹತ್ತಿರ ಹೋಗಿ ನೋಡಿದರು. ದವಡೆ ಮತ್ತು ಪಾದಗಳು ವೀಸಲ್ ಎಂಬ ಪ್ರಾಣಿಯವು, ಮೇಲೆ ಅಂಟಿಸಿದ್ದು ಹಾವಿನ ಚರ್ಮ. ಇದು ಮನುಷ್ಯರು ಹೊಲಿದ ಗೊಂಬೆ ಎಂದು ಎಲ್ಲರಿಗೂ ತಿಳಿಸಿಬಿಟ್ಟರು. ಬೆಲೆ ಬಿದ್ದುಹೋಯಿತು, ಮಾಲೀಕರ ಸಿಟ್ಟಿಗೆ ಹೆದರಿ ಅವರು ಬೇಗನೆ ಊರು ಬಿಟ್ಟರು. ಈ ಹೈಡ್ರಾವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಾಲೆಂಡಿನಲ್ಲಿ ಪದವಿ ಕೆಲವೇ ದಿನಗಳಲ್ಲಿ ಸಿಕ್ಕಿತು. ಅದೇ ವರ್ಷ ಸಿಸ್ಟಮಾ ನ್ಯಾಚುರೇ ಪುಸ್ತಕದ ಮೊದಲ ಮುದ್ರಣ ಬಂತು. ಪುಸ್ತಕ ಎಂದರೆ ಹನ್ನೆರಡರ ಆಸುಪಾಸಿನ ದೊಡ್ಡ ಹಾಳೆಗಳು, ಅಷ್ಟೆ. ಆ ಸೆಪ್ಟೆಂಬರಿನಲ್ಲಿ ಆರ್ಟೆಡಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರಾತ್ರಿ ಮನೆಗೆ ಮರಳುವಾಗ ಕಾಲುವೆಗೆ ಬಿದ್ದು ಮುಳುಗಿ ತೀರಿಕೊಂಡರು. ವಯಸ್ಸು 30. ಮೀನಿನ ಶಾಸ್ತ್ರ ಬರೆಯುತ್ತಿದ್ದವರು ನೀರಿನಲ್ಲೇ ಹೋದರು. ಬಾಕಿ ಬಾಡಿಗೆಗಾಗಿ ಮನೆಯ ಮಾಲೀಕರು ಹಿಡಿದಿಟ್ಟುಕೊಂಡಿದ್ದ ಹಸ್ತಪ್ರತಿಯನ್ನು ಲಿನ್ನೇಯಸ್ ತಮ್ಮ ಪೋಷಕರಾದ ಕ್ಲಿಫರ್ಡ್ ಅವರ ಹಣದಿಂದ ಬಿಡಿಸಿಕೊಂಡು, 1738ರಲ್ಲಿ ಗೆಳೆಯನ ಹೆಸರಿನಲ್ಲೇ ಪ್ರಕಟಿಸಿದರು. ಲಿನ್ನೇಯಸ್ ಮುಂದೆ ಬರೆದ ಮೀನಿನ ವರ್ಗೀಕರಣದ ಬಹುಪಾಲು ಆ ಗೆಳೆಯನ ದುಡಿಮೆಯ ಮೇಲೆಯೇ ನಿಂತಿದೆ.

1741ರಲ್ಲಿ ಅವರು ಉಪ್ಸಲಾದಲ್ಲಿ ಪ್ರಾಧ್ಯಾಪಕರಾದರು. ಬೇಸಿಗೆಯ ಶನಿವಾರಗಳಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರ ಹೊರಗೆ ಹೋಗುತ್ತಿದ್ದರು. ಟಿಪ್ಪಣಿ ಬರೆಯುವವನು ಒಬ್ಬ, ಶಿಸ್ತು ನೋಡುವವನು ಒಬ್ಬ ಎಂದು ಕೆಲಸ ಹಂಚಿರುತ್ತಿದ್ದರು. ಸಂಜೆ ಕಹಳೆ, ನಗಾರಿಗಳ ಸದ್ದಿನೊಂದಿಗೆ ಮೆರವಣಿಗೆಯಲ್ಲಿ ಊರಿಗೆ ಮರಳುತ್ತಿದ್ದರು. ಕ್ಷೇತ್ರ ಭೇಟಿಯನ್ನು ನಾವು ಪಾಠ ಯೋಜನೆಯ ಕೊನೆಯ ಕಾಲಂನಲ್ಲಿ ಬರೆದು ಬಿಡುತ್ತೇವೆ. ಅವರಿಗೆ ಅದೇ ತರಗತಿಯಾಗಿತ್ತು.

ಈಗ 1758ಕ್ಕೆ ಬರೋಣ. ಮೊದಲು ಹನ್ನೆರಡು ಹಾಳೆಯಿದ್ದ ಪುಸ್ತಕ ಹತ್ತನೆಯ ಆವೃತ್ತಿಯ ಹೊತ್ತಿಗೆ ಪ್ರಾಣಿಗಳ ಸಂಪುಟವೊಂದರಲ್ಲೇ 800 ಪುಟ ದಾಟಿತ್ತು. ಸುಮಾರು 4,400 ಪ್ರಾಣಿಗಳು, ಪ್ರತಿಯೊಂದಕ್ಕೂ ಎರಡು ಪದದ ಹೆಸರು. ಇಂದಿಗೂ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಎಣಿಕೆ ಈ ಪುಸ್ತಕದಿಂದಲೇ ಶುರುವಾಗುತ್ತದೆ. ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆ, ಸೈಪ್ರಿನಸ್ ಕಾರ್ಪಿಯೊ, ಇದರಲ್ಲಿದೆ. ಆ ಗೆಂಡೆಯ ಮೈಮೇಲೆ ಬದುಕುವ ಎರಡು ಜೀವಿಗಳೂ ಇದರಲ್ಲಿವೆ.

ಮೊದಲನೆಯದು ಮೀನು ಹೇನು. ಚಪ್ಪಟೆ, ದುಂಡಗೆ, ಗಾಜಿನಂತೆ ಪಾರದರ್ಶಕ, ಅರ್ಧ ಸೆಂಟಿಮೀಟರಿನಷ್ಟು. ಹೊಟ್ಟೆಯ ಕಡೆ ಎರಡು ಬಟ್ಟಲಿನಂಥ ಹೀರುಗುಂಡಿಗಳಿಂದ ಮೀನಿನ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಸೂಜಿಯಂಥ ಅಂಗದಿಂದ ಚುಚ್ಚುತ್ತದೆ, ಬೇಕಾದರೆ ಬಿಟ್ಟು ಈಜಿ ಇನ್ನೊಂದು ಮೀನಿಗೆ ಹೋಗುತ್ತದೆ. ಇಂದಿನ ಹೆಸರು ಆರ್ಗ್ಯುಲಸ್. ಲಿನ್ನೇಯಸ್ ಹೆಸರಿಸಿದ್ದು ಯುರೋಪಿನ ಪ್ರಭೇದವನ್ನು. ನಮ್ಮ ದೇಶದ ಮೀನು ಸಾಕಣೆಯಲ್ಲಿ ಹೆಚ್ಚಾಗಿ ಕಾಡುವುದು ಅದರ ಸಂಬಂಧಿ ಆರ್ಗ್ಯುಲಸ್ ಸಯಾಮೆನ್ಸಿಸ್. ಎರಡನೆಯದು ಲಂಗರು ಹುಳು, ಲೆರ್ನಿಯ ಸೈಪ್ರಿನೇಸಿಯ. ಇದು ಗೆಂಡೆ ಮತ್ತು ಚಿನ್ನದ ಮೀನುಗಳ ಸಾಗಾಟದೊಂದಿಗೆ ಹಲವು ಖಂಡಗಳಿಗೆ ಹರಡಿರುವ ಪ್ರಭೇದ. ನೋಡಲು ದಾರದ ತುಂಡು. ತಲೆಯ ಭಾಗ ಲಂಗರಿನಂತೆ ಕವಲೊಡೆದು ಮೀನಿನ ಮಾಂಸದೊಳಗೆ ಹೂತಿರುತ್ತದೆ, ದೇಹ ಹೊರಗೆ ನೇತಾಡುತ್ತದೆ, ತುದಿಯಲ್ಲಿ ಎರಡು ಮೊಟ್ಟೆಚೀಲ. ಕಚ್ಚಿದ ಜಾಗ ಕೆಂಪಾಗಿ ಹುಣ್ಣಾಗುತ್ತದೆ. ಮೀನು ತಿನ್ನುವ ಮನುಷ್ಯರಿಗೆ ಇವೆರಡೂ ಅಂಟುವುದಿಲ್ಲ. ಆದರೆ ಹುಣ್ಣು ಬಿದ್ದ ಮೀನನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಇವೆರಡೂ ಏಡಿ, ಸಿಗಡಿಗಳ ಬಳಗದವು, ಕಠಿಣಚರ್ಮಿಗಳು. ಲಿನ್ನೇಯಸ್ ಪುಸ್ತಕದಲ್ಲಿ ಕಠಿಣಚರ್ಮಿ ಎಂಬ ವರ್ಗವೇ ಇಲ್ಲ. ಏಡಿ, ಜೇಡ, ಚೇಳು, ತಲೆಹೇನು ಎಲ್ಲವೂ ರೆಕ್ಕೆಯಿಲ್ಲದ ಕೀಟಗಳ ಒಂದೇ ಗುಂಪು. ಮೀನು ಹೇನಿಗೆ ಜಾಗ ಸಿಕ್ಕಿದ್ದು ಅಲ್ಲಿ, ಮೊನೊಕ್ಯುಲಸ್ ಎಂಬ ಹೆಸರಿನಲ್ಲಿ. ಒಕ್ಕಣ್ಣಿನದು ಎಂದು ಅರ್ಥ. ಅದಕ್ಕೆ ಎರಡು ಕಣ್ಣುಗಳಿವೆ, ಅದು ಬೇರೆ ಮಾತು! ಕನಿಷ್ಠ ಏಡಿಯ ಪಕ್ಕದಲ್ಲಾದರೂ ಕೂತಿತು. ಲಂಗರು ಹುಳುವಿನ ಗತಿಯೇ ಬೇರೆ. ಅದನ್ನು ಹುಳುಗಳ ವರ್ಗಕ್ಕೆ ಹಾಕಿ, ಅದರಲ್ಲೂ ಮೆತ್ತನೆಯ ಮೈಯವುಗಳ ಗಣದಲ್ಲಿ, ಚಿಪ್ಪಿಲ್ಲದ ಬಸವನಹುಳು, ಲೋಳೆಮೀನು, ನಕ್ಷತ್ರಮೀನುಗಳ ಜೊತೆ ಇಟ್ಟರು. ಅದರ ನಿಜವಾದ ಹತ್ತಿರದ ನೆಂಟ, ಕೆರೆ ನೀರಿನಲ್ಲಿ ಪುಟಪುಟನೆ ನೆಗೆಯುವ ಸೈಕ್ಲಾಪ್ಸ್, ಅದೇ ಪುಸ್ತಕದಲ್ಲಿ ಮೀನು ಹೇನಿನ ಜೊತೆ ಮೊನೊಕ್ಯುಲಸ್ ಗುಂಪಿನಲ್ಲಿತ್ತು. ಒಂದೇ ಬಳಗದವು ಬೇರೆ ಬೇರೆ ವರ್ಗಗಳಿಗೆ ಹೋದವು. ಲೆರ್ನಿಯ ಎಂಬ ಹೆಸರು ಎಲ್ಲಿಂದ ಬಂತೆಂದರೆ, ಗ್ರೀಕ್ ಪುರಾಣದಲ್ಲಿ ಹೈಡ್ರಾ ವಾಸವಿದ್ದ ಜೌಗಿನ ಹೆಸರು ಲೆರ್ನಾ. ಹ್ಯಾಂಬರ್ಗಿನ ಸುಳ್ಳು ಹೈಡ್ರಾವನ್ನು ಒಂದೇ ನೋಟಕ್ಕೆ ಬಯಲು ಮಾಡಿದ ಕಣ್ಣು, ಹೈಡ್ರಾದ ಊರ ಹೆಸರಿಟ್ಟ ಈ ನಿಜವಾದ ಪ್ರಾಣಿಯ ಮುಂದೆ ಸೋತಿತು.

ಯಾಕೆ ಸೋತಿತು? ನನ್ನ ಪಾಠದ ಮುಖ್ಯ ಪ್ರಶ್ನೆ ಇದೇ ಆಗಿತ್ತು. ಅದೇ ಪುಸ್ತಕದಲ್ಲಿ ಲಿನ್ನೇಯಸ್ ತಿಮಿಂಗಿಲವನ್ನು ಮೀನುಗಳ ಗುಂಪಿನಿಂದ ತೆಗೆದು ಸ್ತನಿಗಳ ಜೊತೆ ಸೇರಿಸಿದ್ದಾರೆ. ಈಜುವ ಆಕಾರಕ್ಕೆ ಅವರು ಮರುಳಾಗಲಿಲ್ಲ, ಮರಿಗೆ ಹಾಲೂಡಿಸುವುದನ್ನು ಲೆಕ್ಕಕ್ಕೆ ತೆಗೆದುಕೊಂಡರು. ರೇಷ್ಮೆ ಹುಳುವೂ ಅದೇ ಪುಸ್ತಕದಲ್ಲಿದೆ. ಹಿಪ್ಪುನೇರಳೆಯದು ಎಂಬ ಅರ್ಥದ ಮೋರಿ ಎಂಬ ಹೆಸರನ್ನು ಕೊಟ್ಟವರು ಅವರೇ. ಅದನ್ನು ಹುಳುಗಳ ವರ್ಗಕ್ಕೆ ಹಾಕದೆ ಪತಂಗಗಳ ಜೊತೆ ಸರಿಯಾಗಿಯೇ ಇಟ್ಟರು. ಏಕೆಂದರೆ ಮೊಟ್ಟೆ, ಹುಳು, ಗೂಡು, ಚಿಟ್ಟೆ ಎಂಬ ಇಡೀ ಸುತ್ತನ್ನು ಜನ ಸಾವಿರಾರು ವರ್ಷಗಳಿಂದ ಕಂಡಿದ್ದರು. ಲಂಗರು ಹುಳುವಿನ ವಿಷಯದಲ್ಲಿ ಕಂಡದ್ದು ಬದುಕಿನ ಕೊನೆಯ ಹಂತವನ್ನು ಮಾತ್ರ. ಅದರ ಉಳಿದ ಬದುಕು ನೀರಿನಲ್ಲಿ, ಬರಿಗಣ್ಣಿಗೆ ಕಾಣದ ಗಾತ್ರದಲ್ಲಿ ಕಳೆದಿರುತ್ತದೆ.

ಮೊಟ್ಟೆಯಿಂದ ಹೊರಬರುವ ಮರಿಗೆ ಮೂರು ಜೊತೆ ಕಾಲುಗಳಿರುತ್ತವೆ, ನಡುವೆ ಒಂದು ಕಣ್ಣು. ಇದಕ್ಕೆ ನಾಪ್ಲಿಯಸ್ ಎಂದು ಹೆಸರು. ಪೊರೆ ಕಳಚುತ್ತಾ ಬೆಳೆದು, ಸೈಕ್ಲಾಪ್ಸ್‌ನಂತೆಯೇ ಕಾಣುವ ಹಂತಕ್ಕೆ ಬಂದು ಮೀನಿನ ಮೈ, ಕಿವಿರುಗಳನ್ನು ಸೇರುತ್ತದೆ. ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ಮೀನಿನೊಳಗೆ ತಲೆ ಹೂತು ಉದ್ದವಾಗಿ ಬೆಳೆಯುತ್ತದೆ. ಅದರ ಕಾಲುಗಳು ಮಾತ್ರ ಬೆಳೆಯದೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿಯೇ ಉಳಿಯುತ್ತವೆ. ನಾಪ್ಲಿಯಸ್ ಎಂಬ ಹೆಸರನ್ನು 1785ರಲ್ಲಿ ಕೊಟ್ಟ ಡೆನ್ಮಾರ್ಕಿನ ಮ್ಯುಲ್ಲರ್ ಅದನ್ನು ಮರಿ ಎಂದು ತಿಳಿಯದೆ ಬೇರೆಯೇ ಪ್ರಾಣಿ ಎಂದುಕೊಂಡಿದ್ದರು. ಮೀನು ಹೇನಿಗೆ ಆರ್ಗ್ಯುಲಸ್ ಎಂಬ ಹೆಸರಿಟ್ಟವರೂ ಅವರೇ. 1832ರಲ್ಲಿ ಫಿನ್ಲೆಂಡ್ ಮೂಲದ ಅಲೆಕ್ಸಾಂಡರ್ ಫಾನ್ ನೋರ್ಡ್‌ಮನ್ ಬರ್ಲಿನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮೀನಿನ ಇಂಥ ಪರಾವಲಂಬಿಗಳ ಮೊಟ್ಟೆಯಿಂದ ಬರುವ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಂತೆ ಚಿತ್ರಿಸಿದರು. ಆ ಮರಿಗಳನ್ನು ಕಂಡ ಮೇಲೆ ಇವು ಹುಳುಗಳೆಂಬ ವಾದ ನಿಲ್ಲಲಿಲ್ಲ. ಲಿನ್ನೇಯಸ್ ಬರೆದು 74 ವರ್ಷವಾಗಿತ್ತು.

ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಕಲಿಸಲು ಚಾರ್ಟ್ ಬೇಡ. ರಾಮನಗರದ ಗೂಡಿನ ಮಾರುಕಟ್ಟೆ ಕಂಡ ಮಕ್ಕಳು ಅವರು. ಹುಳು ಜ್ವರಕ್ಕೆ ಕೂರುವುದೆಂದರೆ ಪೊರೆ ಬಿಡುವುದು ಎಂದು ಅವರೇ ನನಗೆ ವಿವರಿಸಿದರು. ಊಜಿ ನೊಣದ ಮರಿಯೂ ಹುಳುವಿನಂತೆಯೇ ಇರುತ್ತದೆ, ಬೆಳೆದರೆ ನೊಣ ಎಂದರು. ರೇಷ್ಮೆಯಲ್ಲಿ ಮರಿ ಹುಳುವಿನಂತಿದ್ದು ಬೆಳೆದದ್ದು ತನ್ನ ಕುಲ ಹೇಳುತ್ತದೆ. ಲೆರ್ನಿಯದಲ್ಲಿ ಬೆಳೆದದ್ದು ಹುಳುವಿನಂತಿದ್ದು ಮರಿ ತನ್ನ ಕುಲ ಹೇಳುತ್ತದೆ. ಇಷ್ಟನ್ನು ಹೇಳಿದ್ದಕ್ಕೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಪರೀಕ್ಷೆಯಲ್ಲಿ ತಾನು ಲೆರ್ನಿಯವನ್ನು ಹುಳು ಎಂದು ಬರೆದರೆ ಸೊನ್ನೆ ಬರುತ್ತದೆ, ಲಿನ್ನೇಯಸ್ ಬರೆದರೆ ಪಿತಾಮಹ ಎನ್ನುತ್ತೀರಲ್ಲ, ಇದೆಂಥ ನ್ಯಾಯ ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಲಿನ್ನೇಯಸ್ ಯಾವ ಲಕ್ಷಣ ನೋಡಿ ಹಾಗೆ ಇಟ್ಟರು ಎಂಬುದನ್ನು ಬರೆದವರಿಗೆ ಒಂದು ಅಂಕ, ಯಾವ ಹೊಸ ಸಾಕ್ಷಿಯಿಂದ ಅದು ಬದಲಾಯಿತು ಎಂಬುದಕ್ಕೆ ಇನ್ನೊಂದು ಎಂದು ಘಟಕ ಪರೀಕ್ಷೆಯ ಪ್ರಶ್ನೆಯನ್ನೇ ಬದಲಿಸಿದೆ. ಹೆಸರು ಮಾತ್ರ ಬರೆದವರಿಗಿಂತ ಕಾರಣ ಬರೆದವರಿಗೆ ಹೆಚ್ಚು ಅಂಕ ಬಂತು. ಆ ಹುಡುಗನಿಗೆ ಎರಡೂ ಬಂದವು.

ಇನ್ನೊಂದು ವಿಷಯ. ಅದೇ 1758ರ ಪುಸ್ತಕದಲ್ಲಿ ಲಿನ್ನೇಯಸ್ ಮನುಷ್ಯರನ್ನೂ ಖಂಡ, ಬಣ್ಣಗಳ ಮೇಲೆ ನಾಲ್ಕು ಬಗೆಯಾಗಿ ಮಾಡಿ, ಒಂದೊಂದು ಬಗೆಗೆ ಒಂದೊಂದು ಸ್ವಭಾವವನ್ನೂ ಅಂಟಿಸಿದರು. ಅದರಿಂದ ಮುಂದೆ ಆದ ಕೇಡು ಮೀನಿನ ಪರಾವಲಂಬಿಯನ್ನು ತಪ್ಪಾಗಿ ಇಟ್ಟಷ್ಟು ನಿರುಪದ್ರವಿಯಲ್ಲ. ಜೀವನ ಚರಿತ್ರೆ ಹೇಳುವಾಗ ಇದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಹುಳುವೋ ಏಡಿಯ ನೆಂಟನೋ, ಯಾವುದಾದರೇನು ಎಂದು ಕೇಳುವವರಿಗೆ ಕೆರೆ ಗುತ್ತಿಗೆ ಹಿಡಿದವರೇ ಉತ್ತರ. ಮೀನಿನಲ್ಲಿ ನೆಟ್ಟ ಹೆಣ್ಣನ್ನು ಕಿತ್ತರೂ ನೀರಿನಲ್ಲಿ ನೂರಾರು ನಾಪ್ಲಿಯಸ್ ಇರುತ್ತವೆ. ನಮ್ಮ ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಅವುಗಳ ಸುತ್ತು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಔಷಧಿ ಗುರಿಯಿಡುವುದು ಮರಿಗಳಿಗೆ, ಅದೂ ಒಂದೇ ಸಲಕ್ಕಲ್ಲ, ಮತ್ತೆ ಮತ್ತೆ. ಮೀನು ಹೇನು ಮೊಟ್ಟೆಯನ್ನು ಮೈಮೇಲೆ ಹೊರದೆ ಕಲ್ಲು, ಕಡ್ಡಿಗಳಿಗೆ ಸಾಲಾಗಿ ಅಂಟಿಸುತ್ತದೆ. ಹಾಗಾಗಿ ಕೊಳದಲ್ಲಿ ಬಿದಿರು ಗಳುಗಳನ್ನು ನೆಟ್ಟು, ಮೊಟ್ಟೆ ಕೂತ ಮೇಲೆ ಎತ್ತಿ ಒಣಗಿಸುವ ಉಪಾಯವಿದೆ. ಮೀನು ಖಾಲಿಯಾದ ಮೇಲೆ ಕೊಳ ಒಣಗಿಸಿ ಸುಣ್ಣ ಹಾಕುವುದು ಎರಡಕ್ಕೂ ಆಗುತ್ತದೆ. ಹುಳು ಎಂದೇ ತಿಳಿದು ಜಂತುಹುಳುವಿನ ಔಷಧಿ ಹುಡುಕುವವರಿಗೆ ಈ ದಾರಿ ಹೊಳೆಯುವುದು ಕಷ್ಟ.

ನಮ್ಮ ಸೀಮೆಗೆ ಲಿನ್ನೇಯಸ್ ಪದ್ಧತಿಯನ್ನು ನಡೆದೇ ತಂದವರೊಬ್ಬರಿದ್ದಾರೆ. ಎಡಿನ್‌ಬರೋದಲ್ಲಿ ಲಿನ್ನೇಯಸ್ ಪಕ್ಷಪಾತಿಯಾಗಿದ್ದ ಜಾನ್ ಹೋಪ್ ಅವರಲ್ಲಿ ಸಸ್ಯಶಾಸ್ತ್ರ ಕಲಿತ ಫ್ರಾನ್ಸಿಸ್ ಬುಕನನ್. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮಾಗಡಿ, ರಾಮಗಿರಿ, ಚನ್ನಪಟ್ಟಣಗಳನ್ನು ಹಾದು ಹೋದ ಅವರು ಇಲ್ಲಿನ ಬೆಳೆ, ಕಬ್ಬಿಣ, ಚನ್ನಪಟ್ಟಣದ ವಾದ್ಯದ ತಂತಿಗಳನ್ನೆಲ್ಲ ಬರೆದಿಟ್ಟರು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ತಂದರು. ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಬಂಗಾಳದ ಬೆಸ್ತರು ಕರೆಯುವ ಹೆಸರನ್ನೇ ಲ್ಯಾಟಿನ್ ಸಾಲಿಗೆ ಸೇರಿಸಿದವರು ಅವರು. ಅವರು ಇಲ್ಲಿ ನಡೆದಾಗ ಇಲ್ಲಿಲ್ಲದ ಗಂಗೆಯ ಕಾಟ್ಲಾ, ರೋಹು ಇಂದು ನಮ್ಮ ಕೆರೆಗಳಲ್ಲಿ ಬೆಳೆಯುತ್ತವೆ. ಮೀನುಮರಿಗಳನ್ನು ದೂರದಿಂದ ತರುವಾಗ ಜೊತೆಯಲ್ಲಿ ಬರುವ ಹೇನಿನ ಮೊಟ್ಟೆ, ಲೆರ್ನಿಯದ ಮರಿಗಳನ್ನು ಯಾರೂ ಎಣಿಸುವುದಿಲ್ಲ.

ಲಿನ್ನೇಯಸ್ 1761ರಲ್ಲಿ ಕುಲೀನ ಪದವಿ ಪಡೆದರು. 1774ರಿಂದ ಪಾರ್ಶ್ವವಾಯು ಮತ್ತೆ ಮತ್ತೆ ಬಡಿದು, ಕೊನೆಕೊನೆಗೆ ನೆನಪು ಕೈಕೊಟ್ಟಿತು. ಅಷ್ಟು ಹೆಸರುಗಳನ್ನಿಟ್ಟವರಿಗೆ ಹೆಸರುಗಳೇ ಮರೆತವು. 1778ರ ಜನವರಿ 10ರಂದು ಉಪ್ಸಲಾದಲ್ಲಿ ತೀರಿಕೊಂಡರು. ಅವರ ಸಂಗ್ರಹವನ್ನು 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಆಂಗ್ಲ ತರುಣ ಕೊಂಡು ಲಂಡನ್ನಿಗೆ ಸಾಗಿಸಿದರು. ಅಲ್ಲಿ 1788ರಲ್ಲಿ ಸ್ಥಾಪನೆಯಾದ ಲಿನ್ನಿಯನ್ ಸೊಸೈಟಿಯಲ್ಲಿ ಅದು ಇಂದಿಗೂ ಇದೆ.

ಈ ಪಾಠವನ್ನು ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಣ್ಣ ಸೂಚನೆ. ಮೀನು ಹಿಡಿಯುವವರಿಗೆ ಮೊದಲೇ ಹೇಳಿಟ್ಟರೆ ಹುಣ್ಣಿರುವ ಮೀನನ್ನು ಸಾಮಾನ್ಯವಾಗಿ ದುಡ್ಡಿಲ್ಲದೆ ಕೊಡುತ್ತಾರೆ. ಬಿಳಿ ತಟ್ಟೆ, ಭೂತಗನ್ನಡಿ, ಚಿಮುಟ ಸಾಕು. ಹೇನನ್ನು ನೀರಿರುವ ಗಾಜಿನ ಲೋಟಕ್ಕೆ ಬಿಟ್ಟರೆ ಈಜುವುದು ಕಾಣುತ್ತದೆ. ಮೊಟ್ಟೆಚೀಲವಿರುವ ಲೆರ್ನಿಯ ಸಿಕ್ಕರೆ ಅದನ್ನು ಆ ಕೆರೆಯ ನೀರಿನಲ್ಲೇ ಇಡಿ, ಕ್ಲೋರಿನ್ ಇರುವ ನಲ್ಲಿ ನೀರು ಬೇಡ. ಮೊಟ್ಟೆ ಬಲಿತಿದ್ದರೆ ಒಂದೆರಡು ದಿನದಲ್ಲಿ ನಾಪ್ಲಿಯಸ್ ಹೊರಬರುತ್ತವೆ. ಅವನ್ನು ನೋಡಲು ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯೇ ಸಾಕಾಗುತ್ತದೆ. ಪಾಠ ಮುಗಿದ ಮೇಲೆ ಆ ನೀರನ್ನು ಕುದಿಸಿ ಚೆಲ್ಲಬೇಕು, ಕೆರೆಗೆ ಮರಳಿ ಸುರಿಯಬಾರದು.